ಹಾಸಿಗೆಯಲ್ಲಿ ಉಬ್ಬಿದ ಹಿಟ್ಟು

ಈಸ್ಟರಿನ ಹಿಂದಿನ ಶನಿವಾರ. ಆ ವಾರದ ಪದ್ಧತಿಯಂತೆ ಚರ್ಚಿನ ಗಂಟೆಗಳು ಗುರುವಾರದಿಂದ ಮೂಕವಾಗಿದ್ದವು. ವಾಂದೆ ಸೀಮೆಯ ಆ ಹಳ್ಳಿಯಲ್ಲಿ ಬೆಳಗಿನಿಂದ ಕೇಳುತ್ತಿದ್ದದ್ದು ಮನೆಮನೆಯ ಮೇಜಿನ ಮೇಲೆ ಹಿಟ್ಟು ಬಡಿಯುವ ಸದ್ದೊಂದೇ.

ಒದೀಲಳೂ ಅಂಗಿಯ ತೋಳು ಮಡಚಿ ನಾದುತ್ತಿದ್ದಳು. ನಾಳೆ ಪಾದ್ರಿಗಳು ಹರಸುವ ಸಿಹಿ ರೊಟ್ಟಿ, ಆ ಜಡೆ ಹೆಣೆದ ಬ್ರಿಯೋಶ್, ಅತ್ತೆಯ ಕಾಲದಿಂದ ಈ ಮನೆಯದೇ. ರೊಟ್ಟಿ ಉಬ್ಬಿಸಲು ಅತ್ತೆ ಎಬ್ಬಿಸಿದ ಹುಳಿಹಿಟ್ಟು ಇಂದಿನವರೆಗೂ ಗಡಿಗೆಯಲ್ಲಿ ಉಸಿರಾಡಿಕೊಂಡಿತ್ತು. ದಿನಾ ಅದಕ್ಕೆ ಹಿಟ್ಟು ನೀರು ಉಣಿಸುತ್ತಿದ್ದವನು ಅವಳ ಗಂಡ ಅನ್ಸೆಲ್ಮ್. ಚಳಿಗಾಲದಲ್ಲಿ ಅವನು ತೀರಿಕೊಂಡ ಮೇಲೆ ಒದೀಲಳೇ ಉಣಿಸುತ್ತ ಬಂದಿದ್ದಳು, ಒಂದು ದಿನವೂ ತಪ್ಪಿಸಿರಲಿಲ್ಲ. ಅವನ ಕೈ ಮುಟ್ಟಿದ್ದರಲ್ಲಿ ಇನ್ನೂ ಜೀವ ಉಳಿದಿದ್ದದ್ದು ಅದೊಂದರಲ್ಲೇ.

ನೆರವಿಗೆಂದು ಬಂದಿದ್ದ ಅನ್ಸೆಲ್ಮನ ಅಕ್ಕ ಎರ್ನೆಸ್ತಿನ್ ತೊಟ್ಟಿಯ ಬಳಿ ಪಾತ್ರೆ ಉಜ್ಜುತ್ತ ಬಾಯಿಗೂ ಕೆಲಸ ಕೊಟ್ಟಿದ್ದಳು.

"ಏನೇ ಅದು, ಹಿಟ್ಟು ನಾದ್ತಿದೀಯೋ ಸವರ್ತಿದೀಯೋ? ನಮ್ಮಮ್ಮ ನೋಡಿದ್ರೆ ಕೈಮೇಲೇ ಕೊಡೋಳು."

"ಅವರು ಕೊಟ್ಟಿದ್ದು ಸಾಲ್ದು ಅಂತ ನೀವು ಬಂದ್ರಾ ಅತ್ತಿಗೆ?"

"ಅಬ್ಬ, ಇವತ್ತಾದ್ರೂ ಬಾಯಿ ಬಿಟ್ಯಲ್ಲ!"

ಗಡಿಗೆಯಲ್ಲಿದ್ದ ಹುಳಿಯೆಲ್ಲ ಬಿತ್ತು, ಮೊಟ್ಟೆ ಬಿತ್ತು, ಬೆಣ್ಣೆ ಬಿತ್ತು, ಕಿತ್ತಳೆ ಹೂವಿನ ನೀರೂ ಬಿತ್ತು. ಹಿಟ್ಟು ರೇಷ್ಮೆಯ ಹಾಗಾಯಿತು. ಒದೀಲ್ ಬೆವರು ಒರೆಸಿಕೊಂಡು ಗಡಿಗೆಯ ಗೂಡಿನ ಕಡೆ ನೋಡಿದಳು. ಗೂಡು ಖಾಲಿ.

ಆಗ ನೆನಪಾಯಿತು. ಪ್ರತಿ ಸಲವೂ ಬೆಣ್ಣೆ ಹಾಕುವ ಮುಂಚೆ ಅನ್ಸೆಲ್ಮ್ ಓಡಿ ಬರುತ್ತಿದ್ದ. "ನಿಲ್ಸು, ನಿಲ್ಸು!" ಎಂದು ಒಂದು ಮುದ್ದೆ ಕಿತ್ತು ಗಡಿಗೆಗೆ ಹಾಕಿಕೊಳ್ಳುತ್ತಿದ್ದ, ಮುಂದಿನ ಸಲಕ್ಕೆ ಹುಳಿ ಅದೇ. ಈ ಸಲ ನಿಲ್ಲಿಸು ಅನ್ನುವವರು ಇರಲಿಲ್ಲ.

"ಅತ್ತಿಗೆ, ಗಡಿಗೆ ಎಲ್ಲಿ?"

"ತೊಳ್ದು ಬೋರಲು ಹಾಕಿದೀನಿ. ಎಂಥಾ ಪಕ್ಕು ಕಟ್ಟಿತ್ತು ಅಂತೀಯ! ಕುದಿಯೋ ನೀರು ಹಾಕಿ ಉಜ್ಜಿದೆ."

ಆ ಪಕ್ಕು ಉಳಿದಿದ್ದರೂ ಸಾಕಿತ್ತು, ಅದರಿಂದಲೇ ಹುಳಿ ಮತ್ತೆ ಎಬ್ಬಿಸಬಹುದಿತ್ತು. ಒದೀಲಳ ಮುಖ ನೋಡಿ ಎರ್ನೆಸ್ತಿನಳ ಕೈ ಅಲ್ಲೇ ನಿಂತಿತು.

"ಯಾಕೇ... ಒಂದು ಮುದ್ದೆ ತೆಗೆದಿಟ್ಟಿಲ್ವಾ?"

"ಅನ್ಸೆಲ್ಮ್ ತೆಗೀತಿದ್ದ."

ಎರ್ನೆಸ್ತಿನ್ ಒದ್ದೆ ಕೈ ಒರೆಸಿಕೊಂಡು ಕುರ್ಚಿಯ ಮೇಲೆ ಕೂತಳು. ಅವಳ ಅಮ್ಮನ ಹುಳಿಯೂ ಅದೇ ತಾನೆ. ಬೆಣ್ಣೆ ಬಿದ್ದ ಹಿಟ್ಟು ಹುಳಿಗೆಂದು ಇಟ್ಟರೆ ಕೆಡುತ್ತದೆ ಎಂದು ಕಲಿಸಿದವಳೂ ಅದೇ ಅಮ್ಮ.

"ಬೈಯೇ ನನ್ನ," ಅಂದಳು ಎರ್ನೆಸ್ತಿನ್.

"ಯಾರನ್ನ ಅಂತ ಬೈಲಿ ಅತ್ತಿಗೆ. ಇದು ಉಬ್ಬಬೇಕು ಮೊದ್ಲು."

ಆ ಮನೆಯಲ್ಲಿ ಹಿಟ್ಟು ಉಬ್ಬುವುದು ಹಾಸಿಗೆಯಲ್ಲಿ, ಮಲಗಿದವರ ಮೈಶಾಖಕ್ಕೆ. ಹಾಲು ಕರೆದು ಬಂದ ಅನ್ಸೆಲ್ಮ್ ಹಿಟ್ಟಿನ ಬೋಗುಣಿಯನ್ನು ಮಗ್ಗುಲಲ್ಲಿ ಮಲಗಿಸಿಕೊಂಡು, "ನನಗಿಂತ ಇದಕ್ಕೇ ಹೊದಿಕೆ ಜಾಸ್ತಿ" ಎಂದು ಗೊಣಗುತ್ತಿದ್ದ. ಅವನು ಹೋದಾಗಿನಿಂದ ಒದೀಲ್ ಆ ಹಾಸಿಗೆ ಮುಟ್ಟಿರಲಿಲ್ಲ, ಅಡುಗೆಮನೆಯ ಕುರ್ಚಿಯಲ್ಲೇ ನಿದ್ದೆ.

"ಬಿಸಿನೀರಿನ ಚೀಲ ತರ್ಲಾ?" ಎಂದು ಕೇಳಿದಳು ಎರ್ನೆಸ್ತಿನ್.

"ಆರಿಹೋಗತ್ತೆ ಅದು."

ಒದೀಲ್ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು. ಹಾಸಿಗೆ ಕಲ್ಲಿನಂತೆ ತಣ್ಣಗಿತ್ತು. ಅವನ ಜಾಗದಲ್ಲಿ ತಾನು ಮಲಗಿ ಬೋಗುಣಿಯನ್ನು ಹೊಟ್ಟೆಗೆ ಅವಚಿಕೊಂಡು ಗರಿಯ ಹೊದಿಕೆಯನ್ನು ಕುತ್ತಿಗೆವರೆಗೂ ಎಳೆದುಕೊಂಡಳು. ಎರ್ನೆಸ್ತಿನ್ ಕಾಲ್ದೆಸೆಯಲ್ಲಿ ಕೂತು ಜಪಮಾಲೆ ಹಿಡಿದಳು. ಮಣಿಯ ಮೇಲೆ ಮಣಿ ಸರಿಯಿತು, ಮಾತೆ ಮರಿಯಳ ಹೆಸರು ಬಂತು, ಹೋಯಿತು, ಮತ್ತೆ ಬಂತು. ಒದೀಲಳ ಕಣ್ಣೀರು ಕಿವಿಗಿಳಿದು ದಿಂಬಿಗೆ ಹೋಯಿತು. ಅವಳ ಕೈಕೆಳಗೆ ಬೋಗುಣಿಗೆ ಮುಚ್ಚಿದ್ದ ಬಟ್ಟೆ ಮೆಲ್ಲಗೆ, ಬಹಳ ಮೆಲ್ಲಗೆ ಮೇಲೇಳತೊಡಗಿತು.

ಮಧ್ಯಾಹ್ನ ಕಳೆಯಿತು. "ಏಳೇ, ಉಬ್ಬಿ ತುಳುಕ್ತಿದೆ. ಜಡೆ ಹೆಣೀಬೇಕು," ಅಂದಳು ಎರ್ನೆಸ್ತಿನ್.

"ಇನ್ನೊಂಚೂರು ಇರ್ಲಿ."

"ಇಟ್ರೆ ಕುಸೀತದೆ ಮಗಳೇ."

ಅದು ಒದೀಲಳಿಗೂ ಗೊತ್ತಿತ್ತು. ಎದ್ದಳು. ಬೋಗುಣಿಯನ್ನು ಅತ್ತಿಗೆಯ ಕೈಗಿತ್ತು, ಹಾಸಿಗೆಯಲ್ಲಿ ಬಿದ್ದಿದ್ದ ಕುಳಿಯ ಮೇಲೆ ಅಂಗೈ ಇಟ್ಟು ನೋಡಿದಳು. ಬೆಚ್ಚಗಿತ್ತು. ಆ ಶಾಖ ಹೋಗದಿರಲೆಂದು ಹೊದಿಕೆಯನ್ನು ಮತ್ತೆ ಎಳೆದು, ಅಂಚುಗಳನ್ನು ಒಳಕ್ಕೆ ಸಿಕ್ಕಿಸಿ, ಒಲೆ ಕಾಯಿಸಲು ಹೋದಳು.