ಗುಲಾಬಿ ಹೋಗುವ ದೇಶ

"ಏಯ್ ಲೌಡಿ! ಕೆಳ್ಗಿಡೇ ಆ ಲೋಟಾನ! ನಿಮ್ಮಪ್ಪ ತಂದಿಕ್ಕಿದ್ನಾ ಅದ್ನ?"

ತೋಟದ ಒಡೆಯ ಮುತ್ತರಾಯಪ್ಪನ ಕೂಗಿಗೆ ಷೆಡ್ಡಿನಲ್ಲಿ ಗುಲಾಬಿ ಕಟ್ಟು ಕಟ್ಟುತ್ತಿದ್ದ ಹೆಂಗಸರ ಕೈಗಳೆಲ್ಲ ನಿಂತವು. ಕನಕಮ್ಮನ ಕೈಯ ಸ್ಟೀಲ್ ಲೋಟ ಮಾತ್ರ ಬಾಯಿಂದ ಇಳಿಯಲಿಲ್ಲ. ಇದ್ದ ನೀರನ್ನು ಪೂರ್ತಿ ಕುಡಿದು, ಲೋಟ ತೊಳೆದು, ಬೋರಲು ಹಾಕಿದಳು. ಆ ಲೋಟ ಮೇಲ್ಬೀದಿಯಿಂದ ಕೆಲಸಕ್ಕೆ ಬರುವವರದು. ಕನಕಮ್ಮನಂಥ ಕಾಲೋನಿಯವರಿಗೆಂದು ಮೂಲೆಯಲ್ಲಿ ಪ್ಲಾಸ್ಟಿಕ್ ಲೋಟಗಳಿದ್ದವು.

"ನಮ್ಮ ಲೋಟಾನ ಇಲಿ ಕಡ್ದಾಕೈತೆ ಸಾಮಿ," ಎಂದಳು ಕನಕಮ್ಮ. "ಅದೂ ಮೇಲ್ಬೀದಿ ಇಲೀನೇ ಇರ್ಬೇಕು. ನಿಮ್ಮ ಲೋಟ ಮುಟ್ಟೇ ಇಲ್ಲ ನೋಡಿ."

ಹೂವಿನ ರಾಶಿಯ ಹಿಂದೆ ಯಾರೋ ಕಿಸಕ್ಕೆಂದರು. ಲೋಟ ಮೈಲಿಗೆಯಾದರೆ ಹುಣಸೆಹಣ್ಣು ಹಾಕಿ ತಿಕ್ಕಬಹುದು, ಮರ್ಯಾದೆಗೆ ಹುಣಸೆಹಣ್ಣು ನಾಟುವುದಿಲ್ಲ. ಮುತ್ತರಾಯಪ್ಪನ ಮುಖ ಕಪ್ಪಿಟ್ಟಿತು.

ಅದೇ ಸಂಜೆ ಕಾಲೋನಿಯ ದಾರಿಗೆ ಗೇಟು ಬಿತ್ತು, ಗೇಟಿಗೆ ಬೀಗ ಬಿತ್ತು. ಅವನ ತೋಟದ ಅಂಚಿನಲ್ಲಿ ಹಾದು ಕೃಷ್ಣಗಿರಿ ರಸ್ತೆಗೆ ಸೇರುವ ಆ ದಾರಿ ಅವನ ತಾತನ ಕಾಲಕ್ಕೂ ಹಿಂದಿನದು. ಗುಲಾಬಿ ಬರುವ ಮೊದಲು ಅಲ್ಲಿ ರಾಗಿ ಗಾಡಿಗಳು ಓಡಾಡುತ್ತಿದ್ದವು. ಸರ್ಕಾರದ ನಕ್ಷೆಯಲ್ಲೂ ಅದು ದಾರಿಯೇ. ಊರಿನ ಜಮೀನು ದಾಖಲೆ ನೋಡಿಕೊಳ್ಳುವ ವಿ.ಎ.ಓ. ಹತ್ತಿರ ಹೋದರೆ, ಆತ ನಕ್ಷೆ ಬಿಚ್ಚಿ ನೋಡಿ, ತಲೆಯಾಡಿಸಿ, ಮತ್ತೆ ಮಡಿಸಿಟ್ಟು, "ನಾಳೈಕ್ಕು ವಾಂಗಮ್ಮಾ," ಎಂದ. ನಾಳೆ ಬನ್ನಿ ಎಂದ ಆ ನಾಳೆ ಅವನ ಕ್ಯಾಲೆಂಡರಿನಲ್ಲಿ ಇರಲೇ ಇಲ್ಲ.

ಮುತ್ತರಾಯಪ್ಪ ಹೇಳಿಕಳಿಸಿದ: "ಕನಕಿ ಬಂದು ಕಾಲು ಹಿಡೀಲಿ, ಬೀಗ ತೆಗೀತೀನಿ. ಇಲ್ದಿದ್ರೆ ಊರು ಬಿಟ್ಟು ತೊಲಗ್ಲಿ."

ಕನಕಮ್ಮನ ಮಗಳು ಸುಗುಣಾ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಫೋನಿನ ಬಿಡಿಭಾಗ ಜೋಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಕಾಲೋನಿಯ ಇನ್ನೂ ನಾಕಾರು ಹುಡುಗಿಯರೂ ಅದೇ ಫ್ಯಾಕ್ಟರಿಯ ಬಸ್ಸು ಹತ್ತುತ್ತಿದ್ದರು. ಬಸ್ಸು ರಸ್ತೆಗೆ ಬಂದು ಒಂದು ಹಾರ್ನು ಹೊಡೆದು ಹೊರಟುಬಿಡುತ್ತದೆ. ಕೆರೆ ಏರಿ ಸುತ್ತಿಕೊಂಡು ಓಡಿದರೂ ಹುಡುಗಿಯರಿಗೆ ಸಿಕ್ಕಿದ್ದು ಬಸ್ಸಿನ ಹೊಗೆ. ಇನ್ನೊಂದು ಸಲ ತಪ್ಪಿಸಿಕೊಂಡರೆ ಮನೆಯಲ್ಲೇ ಇರಿ ಎಂದು ಫ್ಯಾಕ್ಟರಿಯವರು ಫೋನಿನಲ್ಲೇ ಹೇಳಿದರು.

ಪಕ್ಕದ ಮನೆಯ ನಾರಾಯಣಮ್ಮ ಬಂದು ಕೂತಳು. "ಕಾಲು ತಾನೇ ಕನಕಾ, ಹಿಡ್ದು ಬಿಟ್ಬುಡು. ಕೈಯೇನು ಸವೆದೋಗಾಕಿಲ್ಲ."

ಕನಕಮ್ಮ ಎದ್ದೂ ಬಿಟ್ಟಿದ್ದಳು. ಮಗಳ ಅನ್ನದ ಮುಂದೆ ತನ್ನ ಬೆನ್ನು ಬಾಗಿದರೇನು ಮಹಾ ಎಂದುಕೊಂಡಿದ್ದಳು. ಹಾಗೆ ಅಂದುಕೊಂಡಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟೂ ಬಂತು. ಸುಗುಣಾ ಬಾಗಿಲಿಗೆ ಅಡ್ಡ ನಿಂತಳು.

"ಅಮ್ಮೋ, ನೀನು ಕಾಲು ಹಿಡಿದ್ರೆ ನಾನು ಕೆಲ್ಸಕ್ಕೇ ಹೋಗಾಕಿಲ್ಲ. ಊರು ಬಿಡು ಅಂದವ್ನಲ್ಲ? ಬಿಡಾನ. ದೇಸಾನೇ ಬಿಡಾನ. ಯುದ್ಧಕ್ಕೆ ಹೆದ್ರಿ ದೇಸ ಬಿಟ್ಟು ಬಂದೋರ ಕ್ಯಾಂಪಿನ ಹುಡ್ಗಿ ಒಬ್ಳು ನನ್ನ ಲೈನಲ್ಲವ್ಳೆ. ಅವ್ರ ಚಿಕ್ಕಪ್ಪಂಗೆ ಆಸ್ಟ್ರೇಲಿಯಾ ವೀಸಾ ಸಿಕ್ತಂತೆ, ಕಷ್ಟದಲ್ಲಿರೋರಿಗೆ ಕರುಣೆ ತೋರ್ಸಿ ಕೊಡೋ ವೀಸಾ. ಆಲಸನತ್ತಂನಲ್ಲಿರೋ ಲಾಯರಮ್ಮನೇ ಅರ್ಜಿ ಬರ್ಕೊಟ್ರಂತೆ."

"ಕರುಣೆಗೂ ಅರ್ಜಿನಾ?" ಎಂದಳು ಕನಕಮ್ಮ. ಆದರೂ ಸೆರಗು ಸರಿಮಾಡಿಕೊಂಡು ಹೊರಟಳು.

ಲಾಯರು ಲಕ್ಷ್ಮೀಪ್ರಿಯಾ ಒಳ್ಳೆಯ ಹೆಣ್ಣುಮಗಳು. ಕುರ್ಚಿ ಹಾಕಿದಳು, ನೀರು ಕೊಟ್ಟಳು, ಅದೂ ಗಾಜಿನ ಲೋಟದಲ್ಲಿ. ಪುಸ್ತಕ ಓದಿದವರ ತಾಳ್ಮೆಯಿಂದ ಬಿಡಿಸಿ ಹೇಳಿದಳು.

"ನೋಡಿ ಕನಕಮ್ಮ, ಇದು ಸುತ್ತಾಡೋಕೆ ಕೊಡೋ ವೀಸಾ ಅಲ್ಲ, ಕೆಲಸಕ್ಕೆ ಕೊಡೋದೂ ಅಲ್ಲ. ಸ್ವಂತ ದೇಶದಲ್ಲಿ ಜೀವಕ್ಕೆ ಅಪಾಯ ಇರೋರಿಗೆ ಕೆಲವು ದೇಶಗಳು ಕೊಡ್ತವೆ. ಜಾತಿ, ಧರ್ಮ, ಯುದ್ಧ ಇಂಥ ಕಾರಣಕ್ಕೆ. ಆಯಾ ದೇಶದ ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು, ಕೆಲವಕ್ಕೆ ಆನ್‌ಲೈನಲ್ಲೇ. ಪಾಸ್‌ಪೋರ್ಟೋ ಬೇರೆ ಗುರುತೋ ಬೇಕು. ಏನಾಯ್ತು, ಯಾವಾಗ, ಯಾರಿಂದ, ಎಲ್ಲಾ ಬರೆದುಕೊಡಬೇಕು. ಪೊಲೀಸ್ ದೂರು, ಫೋಟೋ, ಸಾಕ್ಷಿ ಹೇಳಿಕೆ ಇದ್ದರೆ ಸೇರಿಸಬೇಕು. ಆಮೇಲೆ ಕರೆದು ಕೂರಿಸಿ ಪ್ರಶ್ನೆ ಕೇಳ್ತಾರೆ. ಸುಳ್ಳು ಹೇಳಿದರೆ ಅಲ್ಲಿಗೇ ಮುಗೀತು."

"ಜಾತಿ ಐತೆ, ಬೈಗುಳ ಐತೆ, ಬೀಗಾನೂ ಐತೆ," ಎಂದಳು ಕನಕಮ್ಮ. "ಸುಳ್ಳಿಗೆ ಜಾಗಾನೇ ಇಲ್ಲ ಮೇಡಂ. ಆಯ್ತದಾ?"

ಲಕ್ಷ್ಮೀಪ್ರಿಯಾ ಕನ್ನಡಕ ತೆಗೆದಳು. "ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆಗೋದು ಕಷ್ಟ. ಹೆಚ್ಚಾಗಿ ಆಗಲೇ ದೇಶ ಬಿಟ್ಟು ಓಡಿಹೋದವರಿಗೇ ಅದು. ನಿಮ್ಮನ್ನ ಅವರು ಕೇಳೋದು ಒಂದೇ ಪ್ರಶ್ನೆ. ಆ ಊರಲ್ಲಿ ತೊಂದರೆ ಇದ್ದರೆ ಇದೇ ದೇಶದ ಬೇರೆ ಊರಿಗೆ ಹೋಗಬಹುದಲ್ಲ ಅಂತ."

"ಅಂದ್ರೆ ಅವ್ರೂ ಊರು ಬಿಡು ಅಂತಾನೇ ಅನ್ನೋದು."

"ಹಾಗಲ್ಲಮ್ಮ..."

"ನಮ್ಮ ಮುತ್ತರಾಯಪ್ಪ ಅದ್ನೇ ಪುಕ್ಸಟ್ಟೆ ಹೇಳ್ತಾನೆ ಮೇಡಂ, ಪಾಸ್‌ಪೋರ್ಟೂ ಕೇಳಲ್ಲ!"

ಲಕ್ಷ್ಮೀಪ್ರಿಯಾಗೆ ನಗು ಬಂತು, ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು. ದಾರಿ ಮುಚ್ಚಿದ್ದಕ್ಕೆ, ಜಾತಿ ಹಿಡಿದು ಅವಮಾನ ಮಾಡಿದ್ದಕ್ಕೆ ಇಲ್ಲಿಯ ಕಾನೂನೇ ಇದೆ, ದೂರು ಬರೆಯುತ್ತೇನೆ ಎಂದಳು. ಅದಕ್ಕೂ ಸಾಕ್ಷಿ ಬೇಕಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದುಕೊಳ್ಳುತ್ತ ಕನಕಮ್ಮ ಬಸ್ಸು ಹತ್ತಿದಳು. ಅರ್ಧ ದಾರಿಯಲ್ಲಿ ಅವಳ ಮುಖ ಅರಳಿತು. ಬೈದದ್ದಕ್ಕೆ ಬೈದವನಿಗಿಂತ ದೊಡ್ಡ ಸಾಕ್ಷಿ ಯಾರು?

ಮುತ್ತರಾಯಪ್ಪನ ಜಗಲಿಯ ಮೇಲೆ ಬೆಂಗಳೂರಿನಿಂದ ಬಂದ ಹೂವಿನ ಏಜೆಂಟ್ ಕಾಫಿ ಕುಡಿಯುತ್ತಿದ್ದ. ಕನಕಮ್ಮ ಅಂಗಳದಲ್ಲಿ ನಿಂತಳು.

"ಕಾಲು ಹಿಡಿಯಾಕೆ ಬಂದ್ಯಾ?" ಮುತ್ತರಾಯಪ್ಪ ಪಂಚೆ ಸರಿಮಾಡಿಕೊಂಡು ಕಾಲು ಮುಂದೆ ಚಾಚಿದ.

"ಇಲ್ಲ ಸಾಮಿ, ನೀವು ಹೇಳ್ದಂಗೇ ಊರು ಬಿಡಾಕೆ. ಫಾರಿನ್ನಿಗೆ ಹೋಯ್ತೀನಿ. ನೀವು ಒಂದು ಚೀಟಿ ಬರ್ಕೊಡ್ಬೇಕು."

"ಏನಂತ?"

"ಲೋಟ ಮುಟ್ಟಿದ್ದಕ್ಕೆ ಲೌಡಿ ಅಂತ ಬೈದೆ, ಜಾತಿ ಕಾರಣಕ್ಕೆ ದಾರಿಗೆ ಬೀಗ ಇಕ್ಕಿದೆ ಅಂತ. ಕೆಳಗೆ ರುಜು ಹಾಕಿ. ಆಸ್ಟ್ರೇಲಿಯಾದೋರು ಓದಿ ಕರುಣೆ ತೋರಿಸ್ತಾರಂತೆ."

ಏಜೆಂಟನ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು. ಅವನು ಖರೀದಿಸುವ ಹೂವು ಹೋಗುವುದೂ ಆಸ್ಟ್ರೇಲಿಯಾಕ್ಕೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುತ್ತರಾಯಪ್ಪ ಚಾಚಿದ್ದ ಕಾಲನ್ನು ಎಳೆದುಕೊಂಡ.

"ಯಾ... ಯಾವಾಗಮ್ಮ ಬೈದೆ ನಾನು? ಕನಕಮ್ಮ ನಮ್ಮನೆ ಮಗಳಿದ್ದಂಗೆ ಸಾರ್. ತಮಾಸೆ ಜಾಸ್ತಿ ಇವ್ಳಿಗೆ."

ಹುಟ್ಟಿದಾಗಿನಿಂದ ಆ ಬಾಯಲ್ಲಿ ಕನಕಿಯಾಗಿದ್ದವಳು ಒಂದೇ ಉಸಿರಿನಲ್ಲಿ ಕನಕಮ್ಮನೂ ಆದಳು, ಮನೆಮಗಳೂ ಆದಳು. ಏಜೆಂಟು ಹೋದದ್ದೇ ತಡ, ಮುತ್ತರಾಯಪ್ಪ ಅಂಗಳಕ್ಕೆ ಇಳಿದು ಬಂದ.

"ಚೀಟಿ ಗೀಟಿ ಬ್ಯಾಡ. ನಿನ್ನ ಮಗಳೊಬ್ಳೇ ಓಡಾಡ್ಲಿ, ಬೀಗದ ಕೈ ಕೊಡ್ತೀನಿ. ಕಾಲೋನಿಗೆ ಹೇಳ್ಬ್ಯಾಡ."

ಕನಕಮ್ಮನ ಎದೆ ಒಂದು ಗಳಿಗೆ ಹೂಂ ಎಂದಿತು. ಕೆರೆ ಏರಿಯ ಮೇಲೆ ಓಡುವ ಉಳಿದ ಹುಡುಗಿಯರೂ ಕಣ್ಣಿಗೆ ಬಂದರು.

"ಒಬ್ಳು ನಡದ್ರೆ ಅದು ದಾರಿನಾ ಸಾಮಿ?" ಎಂದಳು. ಬೆನ್ನ ಹಿಂದೆ ಬೈಗುಳಗಳು ಬಂದವು. ಈ ಸಲ ಅವನು ಬಹಳ ಮೆಲ್ಲಗೆ ಬೈದ.

ಮರುದಿನ ಬೆಳಗಿನ ಮಂಜಿನಲ್ಲಿ ಕಾಲೋನಿಯ ಹೆಂಗಸರೆಲ್ಲ ಗೇಟಿನ ಮುಂದೆ ನೆರೆದರು. ಹುಡುಗಿಯರು ಊಟದ ಡಬ್ಬಿ ಹಿಡಿದು ನಿಂತಿದ್ದರು. ಸುಗುಣಾ ಫೋನು ಎತ್ತಿ ಹಿಡಿದಿದ್ದಳು. ಗಲಾಟೆ ಕೇಳಿ ಮುತ್ತರಾಯಪ್ಪ ಟವೆಲ್ ಹೊದ್ದು ಓಡಿಬಂದ. ಕನಕಮ್ಮನ ಕೈಯಲ್ಲಿ ಒರಳಿನ ಗುಂಡುಕಲ್ಲಿತ್ತು.

"ಬನ್ನಿ ಸಾಮಿ," ಎಂದಳು. "ಚೀಟಿ ಬರೆಯಾಕೆ ನಿಮಗೆ ಕಷ್ಟ ಆಯ್ತದೆ ಅಂತ ವಿಡಿಯೋಗೆ ಏರ್ಪಾಡು ಮಾಡಿವ್ನಿ. ಅವತ್ತಿನಂಗೇ ಬೈಯಿರಿ. ಲೌಡಿ ಅನ್ನೋದ್ನ ವಸಿ ಗಟ್ಟಿಯಾಗಿ ಅನ್ನಿ. ಆಸ್ಟ್ರೇಲಿಯಾ ದೂರ."

ಮುತ್ತರಾಯಪ್ಪ ಬಾಯಿ ತೆರೆದ. ಸುಗುಣಾಳ ಫೋನು ಒಂದಿಷ್ಟು ಮುಂದೆ ಬಂತು. ಬಾಯಿ ಮುಚ್ಚಿದ. ಕನಕಮ್ಮ ಗುಂಡುಕಲ್ಲು ಎತ್ತಿ ಬೀಗಕ್ಕೆ ಹೊಡೆದಳು. ಅವನ ಕತ್ತಿನ ನರ ಉಬ್ಬಿತು, ಮೀಸೆ ಅದುರಿತು. ಅವಳು ಮತ್ತೆ ಹೊಡೆದಳು. ನಾಳೆಯಿಂದ ತನಗೆ ಆ ಷೆಡ್ಡಿನಲ್ಲಿ ಕೆಲಸವಿಲ್ಲವೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಭಯವೂ ಆಗುತ್ತಿತ್ತು. ಇನ್ನೂ ಜೋರಾಗಿ ಹೊಡೆದಳು.

ಬೀಗ ಕಿತ್ತು ಬಿತ್ತು. ರಸ್ತೆಯಲ್ಲಿ ಹಾರ್ನು ಕೇಳಿತು. ಸುಗುಣಾ ಫೋನನ್ನು ನಾರಾಯಣಮ್ಮನ ಕೈಗಿಟ್ಟು ಹುಡುಗಿಯರ ಜೊತೆ ಓಡಿದಳು. ಹಿಂದಿನಿಂದ ಹೆಂಗಸರು, ಕಂಕುಳಲ್ಲಿ ಕೂಸಿದ್ದವರೂ ಕೂಡ, ಬಸ್ಸಿನ ಕೆಲಸವೇನೂ ಇಲ್ಲದಿದ್ದರೂ ಆ ದಾರಿಯಲ್ಲಿ ನಡೆದರು.

ಕನಕಮ್ಮ ಕಲ್ಲು ಕೆಳಗಿಟ್ಟು, ಸೆರಗಿನಲ್ಲಿ ಬೆವರೊರೆಸಿಕೊಂಡು, ಮುತ್ತರಾಯಪ್ಪನ ಮುಖ ನೋಡಿದಳು.

"ನೀವು ಬೈಲೇ ಇಲ್ವಲ್ಲ ಸಾಮಿ. ಇನ್ಯಾವ ದೇಸದೋರು ಸೇರಿಸ್ತಾರೆ ನನ್ನ? ಇಲ್ಲೇ ಇರ್ತೀನಿ ಬುಡಿ."