ಮೂಲೆಯ ಬಿಲ್ಲೆ

"ಕಾಣ್ತಿದೆಯಾ? ಧ್ವನಿ ಕೇಳ್ತಿದೆಯಾ?" ಅಂತ ಕೋರ್ಟಿನ ತನಿಖಾಧಿಕಾರಿ ಒಕುದಾ ಮೇಡಂ ಸ್ಪೀಕರ್ ಗುಂಡಿ ತಿರುಗಿಸಿದ್ರು.

ಕಾಣದೇ ಇರುತ್ತಾ? ಗಾಜಿನ ಆಚೆ, ಕೋರ್ಟಿನ ಆಟದ ಕೋಣೇಲಿ, ಚಿಝುರುವಿನ ಗಂಡ ಕಜುಮಾ ಕಾರ್ಪೆಟ್ ಮೇಲೆ ಕೂತು ಗೊಂಬೆಗೆ ಟೋಪಿ ಹಾಕ್ತಿದ್ದ. ಇಸ್ತ್ರಿ ಶರ್ಟು, ಹೊಸ ಸಾಕ್ಸು, ಜೇನಿನಂಥ ನಗು. ಆ ಕಡೆಯಿಂದ ಈ ಗಾಜು ಬರೀ ಕನ್ನಡಿ. ಹಿಂದೆ ಕೂತು ನೋಡ್ತಾರೆ ಅಂತ ಅವನಿಗೂ ಹೇಳಿದ್ರು. ಅದಕ್ಕೇ ಆ ನಗು.

ಇಬ್ಬರೂ ಬೇರೆಯಾದ ಮೇಲೆ, ವಾರಕ್ಕೊಂದು ರಾತ್ರಿ ಮಗಳನ್ನ ತನ್ನ ಮನೆಗೆ ಕಳಿಸಬೇಕು ಅಂತ ಅವನ ಅರ್ಜಿ. ಸಂಧಾನಕ್ಕೆ ಕೂತಿದ್ದ ಹಿರಿಯರಿಬ್ಬರೂ ಅವನ ಮಾತಿಗೆ ಕರಗಿಹೋಗಿದ್ರು. "ಎಷ್ಟು ಮರ್ಯಾದಸ್ಥ ಮನುಷ್ಯ! ನೀವೂ ಸ್ವಲ್ಪ ಮರೀಬೇಕಮ್ಮ." ಮರ್ಯಾದಸ್ಥನೇ. ಇವಳನ್ನ ಕೂದಲು ಮುಚ್ಚೋ ಜಾಗಕ್ಕೆ ಮಾತ್ರ ಹೊಡೀತಿದ್ದ, ಹೊರಗೆ ಕಾಣಬಾರದು ಅಂತ. ಕೊನೆಗೆ, ಅಪ್ಪ ಮಗಳು ಹೇಗಿರ್ತಾರೆ ಅಂತ ಒಂದು ಸಲ ನೋಡೇಬಿಡೋಣ ಅಂತ ಈ ಏರ್ಪಾಡು.

"ಅಪ್ಪ, ಇದು ಆಡೋಣ್ವಾ?" ಹತ್ತು ವರ್ಷದ ನಗಿಸಾ ಕಪಾಟಿಂದ ಹಸಿರು ಹಲಗೆ ತೆಗೆದಳು. ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬಿಳಿ ಇರೋ ಬಿಲ್ಲೆಗಳ ಆಟ. ಎದುರಾಳಿ ಬಿಲ್ಲೆಗಳನ್ನ ತನ್ನೆರಡು ಬಿಲ್ಲೆಗಳ ಮಧ್ಯೆ ಸಿಕ್ಕಿಸಿದ್ರೆ ತಿರುಗಿಸಿ ತನ್ನ ಬಣ್ಣ ಮಾಡ್ಕೋಬಹುದು.

ಚಿಝುರು ಗಾಜಿನ ಹತ್ರಕ್ಕೆ ಬಾಗಿದ್ಲು.

ಮನೇಲಿ ಆ ಹಲಗೆ ಹೊರಗೆ ಬಂತು ಅಂದ್ರೆ ಅವಳು ಅಡುಗೆಮನೆಯಿಂದ ಮಗಳಿಗೆ ಕಣ್ಣು ಮಾಡ್ತಿದ್ಲು. ಅಪ್ಪಂಗೆ ಮೂಲೆ ಬಿಟ್ಟುಕೊಡು, ಸೋತುಬಿಡು. ಮೂಲೆಗೆ ಕೂತ ಬಿಲ್ಲೆನ ಯಾರೂ ತಿರುಗಿಸಕ್ಕಾಗಲ್ಲ. ಕಜುಮಾ ಸೋತ ದಿನ ಏಟು ತಿನ್ನೋದು ಚಿಝುರುವಿನ ತಲೆ. ಇವತ್ತು ಬೆಳಿಗ್ಗೆ ಮೀಸೊ ಸಾರು ಕುಡೀತಾ ನಗಿಸಾ ಕೇಳಿದ್ಲು, "ಅಮ್ಮ, ಮೊನ್ನೆ ಕೋರ್ಟಲ್ಲಿ ತೋರಿಸಿದ ಆ ರೂಮಲ್ಲಿ ಬಿಲ್ಲೆ ಆಟ ಇತ್ತಲ್ವಾ?" "ಇತ್ತು" ಅಂದಿದ್ಲು ಚಿಝುರು. ಯಾವಾಗ್ಲೂ ಮಾಡೋ 'ಸೋತುಬಿಡು' ಸನ್ನೆ ಮಾತ್ರ ಮಾಡಲಿಲ್ಲ. ಬೇಕಂತಲೇ.

"ಅಪ್ಪಂದು ಕಪ್ಪು! ಅಳಬಾರ್ದು ಆಮೇಲೆ," ಕಜುಮಾ ಕಿಚಾಯಿಸಿದ.

"ನೀನು ಅಳಬೇಡ," ಅಂದ್ಲು ನಗಿಸಾ. ಕೋಣೆ ಮೂಲೇಲಿ ಕುರ್ಚಿ ಹಾಕ್ಕೊಂಡಿದ್ದ ಕೋರ್ಟಿನ ಹುಡುಗ ಹೊರಿ ನಕ್ಕ. ಕಜುಮಾನೂ ನಕ್ಕ.

ಮೊದಲ ಮೂಲೆ ಬಿಳಿ ಆಯ್ತು. "ಅರೆ, ಜಾಣೆ!" ಎರಡನೇದೂ ಬಿಳಿ. "ಯಾರು ಹೇಳಿಕೊಟ್ಟಿದ್ದು?" ಮೂರನೇದಕ್ಕೆ ಅವನ ಕಿವಿ ಕೆಂಪಗಾಯ್ತು. ಆ ಕಿವಿ ಚಿಝುರುಗೆ ಚೆನ್ನಾಗಿ ಗೊತ್ತು.

"ಇಷ್ಟು ನಿಧಾನಾನಾ ಅಪ್ಪ? ಅಮ್ಮ ಆಗಿದ್ರೆ ಯಾವಾಗಲೋ ಇಟ್ಟಿರೋಳು."

ಒಕುದಾ ಮೇಡಂ ತಟ್ಟನೆ ಚಿಝುರು ಕಡೆ ತಿರುಗಿದ್ರು. "ಅವರ ಮುಖ ಬದಲಾಗ್ತಿದೆ. ನಿಲ್ಲಿಸಿಬಿಡ್ಲಾ?"

ನಿಲ್ಲಿಸಿ ಅನ್ನಬೇಕು. ತಾಯಿ ಆದವಳು ಅನ್ನಲೇಬೇಕು. ಚಿಝುರು ಗಾಜಿಂದ ಕಣ್ಣು ತೆಗೀಲಿಲ್ಲ.

"ಇನ್ನೊಂಚೂರು ಇರಲಿ, ಮೇಡಂ. ಚೆನ್ನಾಗಿ ನೋಡ್ಕೊಳ್ಳಿ."

ನಗಿಸಾ ನಾಲ್ಕನೇ ಮೂಲೆಗೆ ಬಿಲ್ಲೆ ಹಿಡಿದು ಕೈ ಚಾಚಿದಳು. ಆ ಮಣಿಕಟ್ಟನ್ನ ಕಜುಮಾ ಗಪ್ಪಂತ ಹಿಡಿದ.

"ತೆಗಿ ಕೈ." ಸಣ್ಣ ದನಿ, ಮನೆಯದೇ ದನಿ. "ಥೇಟ್ ಅವಳೇ ನೀನು. ನಿನಗೂ ಅದೇ ಬೇಕಾ?"

ಸ್ಪೀಕರಲ್ಲಿ ಒಂದಕ್ಷರ ಬಿಡದೆ ಕೇಳಿಸ್ತು. ಹೊರಿ ಎದ್ದ ರಭಸಕ್ಕೆ ಕುರ್ಚಿ ಉರುಳಿತು. "ಕೈ ಬಿಡಿ, ಸಾರ್! ಬಿಡಿ ಅಂದೆ!" ಕಜುಮಾ ಆವಾಗ ಕನ್ನಡಿ ಕಡೆ ನೋಡಿದ. ನಗೋಕೆ ನೋಡಿದ, ಆಗಲಿಲ್ಲ. "ಆಟ ಕಣ್ರೀ, ಸುಮ್ನೆ ತಮಾಷೆಗೆ..." ಅಂತಿದ್ದ ಹಾಗೇ ಹೊರಿ ಅವನನ್ನ ಹೊರಗೆ ಕರ್ಕೊಂಡು ಹೋದ. ಒಕುದಾ ಮೇಡಂ ಮಗು ಹತ್ರ ಹೋಗೋಕೆ ಬಾಗಿಲಿಗೆ ಓಡಿದ್ರು.

ಚಿಝುರುವಿನ ಮಣಿಕಟ್ಟು ನೋಯ್ತಿತ್ತು. ತನ್ನದೇ ಇನ್ನೊಂದು ಕೈ ಅದನ್ನ ಬಿಗಿಯಾಗಿ ಹಿಡ್ಕೊಂಡಿತ್ತು. ಬಿಟ್ಟಾಗ ಬೆರಳಿನ ಗುರುತು ಉಳಿದಿತ್ತು.

ಆಚೆ, ಒಂಟಿಯಾಗಿ ಕೂತ ನಗಿಸಾ ಕೆಂಪಾದ ಕೈಯಿಂದಲೇ ಬಿಲ್ಲೆನ ಮೂಲೆಗಿಟ್ಟಳು. ಆಮೇಲೆ ಸಾಲಲ್ಲಿದ್ದ ಕಪ್ಪು ಬಿಲ್ಲೆಗಳನ್ನ ಆತುರ ಇಲ್ಲದೆ ಒಂದೊಂದಾಗಿ ತಿರುಗಿಸ್ತಾ ಹೋದಳು. ಟಕ್, ಟಕ್ ಅಂತ ಸ್ಪೀಕರಲ್ಲಿ ಕೇಳಿಸ್ತಾನೇ ಇತ್ತು.