ಬಂದ್ ಮಾಡುವ ಮುಂಚೆ ಒಂದು ರೇಸು

ಮೈಲಾರಲಿಂಗಪ್ಪ ಮನೆಗೆ ಬಂದದ್ದು ಉಣಕಲ್ಲಿನ ಆ ಓಣಿಗೆಲ್ಲ ಗೊತ್ತಾಗುತ್ತಿತ್ತು. ತರಕಾರಿ ಸಾಗಿಸುವ ಡೀಸೆಲ್ ಗಾಡಿಯನ್ನು ಬಾಗಿಲ ಮುಂದೆ ನಿಲ್ಲಿಸಿ, ಆಕ್ಸಿಲರೇಟರ್ ಒಮ್ಮೆ ಜೋರಾಗಿ ತುಳಿದು, ಆ ಗದ್ದಲದಲ್ಲೇ ಚಾವಿ ತಿರುಗಿಸಿ ಬಂದ್ ಮಾಡುವುದು ಅವನ ರೂಢಿ. ಆ ಸಪ್ಪಳ ಕೇಳಿದೊಡನೆ ಹೆಂಡತಿ ಸತ್ಯವ್ವ ಚಹಾಕ್ಕೆ ನೀರಿಡುತ್ತಿದ್ದಳು. ನಮ್ಮ ಕಡೆಯ ಡ್ರೈವರುಗಳಿಗೆ ಈ ಹುಚ್ಚು ಯಾರು ಹಿಡಿಸಿದರೋ ದೇವರೇ ಬಲ್ಲ.

ಓಣಿಯ ತುದಿಯಲ್ಲಿ ಗ್ಯಾರೇಜು ಇಟ್ಟಿರುವ ಹಿರಿಯರು ಗುಲಾಬಸಾಬ. ಒಂದು ದಿನ ತಡೆಯಲಾರದೆ ಎದ್ದು ಬಂದರು.

“ಮೈಲಾರಿ, ಎಂಜಿನ್ ಸೀಟಿ ಹೊಡದಂಗ ಸಪ್ಪಳ ಮಾಡಾಕತ್ತೈತಿ. ನೀಲಿ ಹೊಗಿನೂ ಬರಾಕತ್ತೈತಿ. ಟರ್ಬೋ ಕೆಡಾಕತ್ತೈತಿ ನೋಡು. ಆ ರೇಸ್ ಕೊಡೂದು ಬಿಡು.”

“ಚಾಚಾ, ನಮ್ಮ ಉಸ್ತಾದ ಕಲಿಸಿದ್ದು ಅದು. ರೇಸ್ ಕೊಟ್ಟು ಬಂದ್ ಮಾಡಿದ್ರ ಮುಂಜಾನಿ ಲಗೂ ಚಾಲೂ ಆಗತೈತಿ.”

“ನಿಮ್ಮ ಉಸ್ತಾದನ ಗಾಡ್ಯಾಗ ಟರ್ಬೋ ಇರಲಿಲ್ಲಪಾ. ಎಂಜಿನ್ನಿಗೆ ಗಾಳಿ ನೂಕಿ ದಮ್ ಕೊಡೂ ಸಾಮಾನು ಅದು. ಲೋಡ್ ಎಳದು ಬಂದಾಗ ಕೆಂಡದಂಗ ಕಾದಿರತೈತಿ. ಅದನ್ನ ತಂಪ ಇಡೂದು ಎಂಜಿನ್ ಆಯಿಲ್. ನೀ ಬಂದ್ ಮಾಡಿದ ಕೂಡ್ಲೆ ಆಯಿಲ್ ಬರೂದು ನಿಲ್ಲತೈತಿ, ಟರ್ಬೋ ಮಾತ್ರ ಒಣಾನ ತಿರಗತಿರತೈತಿ. ಒಳಗ ಉಳದ ಆಯಿಲ್ ಸುಟ್ಟು ಕರಕಾಗಿ ದಾರಿ ಕಟ್ಟತೈತಿ.”

“ಹಂಗಾರ ಏನ್ ಮಾಡ್ಲಿ?”

“ಆಕ್ಸಿಲರೇಟರ್ ಮುಟ್ಟದ ಒಂದೆರಡ ನಿಮಿಷ ಸುಮ್ಮನ ಚಾಲೂ ಬಿಡು, ಆಮ್ಯಾಲೆ ಬಂದ್ ಮಾಡು. ನಾಳೆ ಗಾಡಿ ತಂದ ನಿಲ್ಲಸು, ಬಿಚ್ಚಿ ನೋಡೂಣು.”

“ಸುಮ್ಮನ ಡೀಸೆಲ್ ಸುಡೂ ಮಾತು,” ಎಂದು ಮೈಲಾರಲಿಂಗಪ್ಪ ನಕ್ಕ.

“ಸಾಬ್ರು ಸುಳ್ಳ ಹೇಳ್ತಾರೇನ್ರಿ? ಒಮ್ಮೆ ತೋರಸ್ರಿ,” ಎಂದಳು ಸತ್ಯವ್ವ ಬಾಗಿಲಲ್ಲಿ ನಿಂತು.

“ಸೀಜನ್ ಮುಗೀಲಿ, ತೋರಸೂಣು,” ಎಂದ. ಇಂಥವರ ಸೀಜನ್ ಎಂದಾದರೂ ಮುಗಿದದ್ದುಂಟೇ?

ಮುಂದೊಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ಸತ್ಯವ್ವನ ಕೈ ಇದ್ದಲ್ಲೇ ನಿಂತುಬಿಟ್ಟಿತು. ಬಾಯಿ ಸೊಟ್ಟಗಾಯಿತು. ಲಕ್ವಾ ಹೊಡೆದಿತ್ತು. ಮಗಳು ಸಾನ್ವಿ ಆಂಬುಲೆನ್ಸಿಗೆ ಫೋನ್ ಮಾಡಲು ಹೊರಟಳು.

“ಮನಿ ಮುಂದ ಗಾಡಿ ಇರೂವಾಗ ಅದ್ಯಾಕ?” ಎಂದು ಅವನೇ ಹೆಂಡತಿಯನ್ನು ಹೊತ್ತು ತಂದು ಸೀಟಿನಲ್ಲಿ ಕೂರಿಸಿದ.

ಹುಬ್ಬಳ್ಳಿಯ ಕಡೆಗೆ ಅರ್ಧ ದಾರಿ ಹೋಗುವಷ್ಟರಲ್ಲಿ ಸೀಟಿಯ ಸಪ್ಪಳ ಚೀರಾಟವಾಯಿತು. ಒಳಗೆ ಏನೋ ಕಡ್ ಎಂದು ಮುರಿಯಿತು. ಹಿಂದೆ ರಸ್ತೆ ಕಾಣದಷ್ಟು ಹೊಗೆ. ಎಷ್ಟು ತುಳಿದರೂ ಗಾಡಿ ಎಳೆಯಲಿಲ್ಲ, ತೆವಳಿ ನಿಂತಿತು. ಸಾನ್ವಿ ರಸ್ತೆಗಿಳಿದು ಕೈ ಬೀಸಿದಳು, ಬೇಡಿಕೊಂಡಳು. ಬೆಂಕಿ ಹತ್ತಿದೆ ಎಂದು ಹೆದರಿ ಎಲ್ಲರೂ ದೂರದಿಂದಲೇ ಸರಿದುಹೋದರು. ಕಡೆಗೊಂದು ಆಟೋ ನಿಂತಾಗ ಸತ್ಯವ್ವನ ಕಣ್ಣುಗಳು ಮುಚ್ಚಿದ್ದವು.

“ಇನ್ನಷ್ಟು ಲಗೂ ತರಬೇಕಾಗಿತ್ರಿ,” ಎಂದರು ಆಸ್ಪತ್ರೆಯ ಡಾಕ್ಟರು.

ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಮರಳಲಿಲ್ಲ.

ಗುಲಾಬಸಾಬ ಟರ್ಬೋ ಬಿಚ್ಚಿದರು. ಆಯಿಲ್ ಹರಿಯುವ ದಾರಿ ಕರಕು ಕಟ್ಟಿ ಮುಚ್ಚಿಹೋಗಿತ್ತು.

“ಬೈರಿ ಚಾಚಾ ನನಗ,” ಎಂದು ಮೈಲಾರಲಿಂಗಪ್ಪ ಅತ್ತ.

“ಬೈದ್ರ ಆಕಿ ಕೈ ಏಳತೈತೇನಪಾ? ಹೊಸಾದು ಕುಂದ್ರಸೇನಿ. ಚಾಲೂ ಮಾಡಿದ ಕೂಡ್ಲೆ ರೇಸ್ ಕೊಡಬ್ಯಾಡ. ಆಯಿಲ್ಲು, ಫಿಲ್ಟರು ಹೊತ್ತಿಗೆ ಸರಿಯಾಗಿ ಬದಲಸು. ಗಾಳಿ ಫಿಲ್ಟರ್ ಸ್ವಚ್ಛ ಇರಲಿ. ಎಂಜಿನ್ ತಂಪ ಇಡೂ ಕೂಲಂಟ್ ಕಡಿಮಿ ಆದ್ರ ನಳದ ನೀರ ಸುರೀಬ್ಯಾಡ, ಕೂಲಂಟನ ಹಾಕು.”

ಈಗ ಅವನು ಬಂದದ್ದು ಓಣಿಗೆ ಗೊತ್ತಾಗುವುದಿಲ್ಲ. ಗಾಡಿ ಬಾಗಿಲ ಮುಂದೆ ಮೆಲ್ಲಗೆ ಸಪ್ಪಳ ಮಾಡುತ್ತ ನಿಂತಿರುತ್ತದೆ. ಕಿಟಕಿಯ ಹತ್ತಿರ ಮಲಗಿದ ಸತ್ಯವ್ವ ಕಿವಿಗೊಟ್ಟು ಕೇಳುತ್ತಾಳೆ. ಸಾಕು ಅನ್ನಿಸಿದಾಗ ಎಡಗೈ ಎತ್ತುತ್ತಾಳೆ. ಆಮೇಲೆಯೇ ಅವನು ಚಾವಿ ತಿರುಗಿಸುವುದು. ಒಳಗೆ ಬಂದು ಚಹಾಕ್ಕೆ ನೀರನ್ನೂ ಅವನೇ ಇಡುತ್ತಾನೆ.

ಗಾಡಿ ಓಡಿಸುವ ಅಣ್ಣಂದಿರೇ, ತಮ್ಮಂದಿರೇ, ಸೀಟಿಯ ಸಪ್ಪಳ ಬಂದರೆ, ನೀಲಿ ಹೊಗೆ ಕಂಡರೆ, ಎಳೆತ ಕಡಿಮೆಯಾದರೆ ಅವತ್ತೇ ಮೆಕ್ಯಾನಿಕ್‌ಗೆ ತೋರಿಸಿ. ಜೀವಕ್ಕೆ ಕುತ್ತು ಬಂದಾಗ ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿ. ನಿಮ್ಮ ಗಾಡಿಯ ಸಪ್ಪಳ ಕೇಳಿ ಎದ್ದು ಚಹಾಕ್ಕೆ ನೀರಿಡುವವರು ನಿಮ್ಮ ಮನೆಯಲ್ಲೂ ಇದ್ದಾರೆ. ಅವರಿಗಾಗಿ, ಚಾವಿ ತಿರುಗಿಸುವ ಮೊದಲು ಒಂದೆರಡು ನಿಮಿಷ ಕಾಯಿರಿ.